ಬಿಗಿಗೂ ಒಂದು ಅಳತೆ
(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯಿಂದ)

ತೂಗದೆ ಅಕ್ಕಿಯನ್ನು ಯಾರೂ ಕೊಳ್ಳುವುದಿಲ್ಲ. ಅಳೆಯದೆ ಬಟ್ಟೆಯನ್ನು ಯಾರೂ ಕತ್ತರಿಸುವುದಿಲ್ಲ. ಹಾಲಿಗೆ ಲೀಟರು, ಹೊಲಕ್ಕೆ ಗುಂಟೆ, ಜ್ವರಕ್ಕೆ ಥರ್ಮಾಮೀಟರು, ಹೀಗೆ ನಮ್ಮ ನಿತ್ಯಜೀವನದ ಎಲ್ಲದಕ್ಕೂ ಒಂದೊಂದು ಅಳತೆಯುಂಟು. ಆದರೆ ಬೈಕಿನದೋ ಕಾರಿನದೋ ಬೋಲ್ಟನ್ನು ಬಿಗಿಯುವಾಗ ಮಾತ್ರ ನಾವು ಕೈಯ ಅಂದಾಜನ್ನೇ ನಂಬುತ್ತೇವೆ. 'ಚೆನ್ನಾಗಿ ಟೈಟ್ ಮಾಡು' ಎಂಬುದೇ ಅಲ್ಲಿಯ ಶಾಸ್ತ್ರ. ಚೆನ್ನಾಗಿ ಎಂದರೆ ಎಷ್ಟು? ಈ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡುವ ಉಪಕರಣವೇ ಟಾರ್ಕ್ ರೆಂಚು.

ಕಲಾ ವಿಭಾಗದ ವಿದ್ಯಾರ್ಥಿಗೆ ಪಾನಾ ಸ್ಪ್ಯಾನರುಗಳ ಗೊಡವೆ ಏಕೆಂದು ಮಿತ್ರರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ನನ್ನ ಶುಲ್ಕಕ್ಕೆ ಹಣ ಒದಗಿಸುತ್ತಿರುವ ಅಣ್ಣ ಬೈಕು ರಿಪೇರಿಯ ಕೆಲಸದಲ್ಲಿದ್ದಾನೆ. ಅವನ ಕೈಗೆ ಹತ್ತಿರುವ ಎಣ್ಣೆಯೇ ನನ್ನ ಪುಸ್ತಕಗಳ ಬೆಲೆ. ಆದುದರಿಂದ ಈ ವಿಷಯ ನನಗೆ ಪರಕೀಯವಲ್ಲ. ಅಲ್ಲದೆ ಕಡಿಮೆ ಹಣದಲ್ಲಿ ಹೆಚ್ಚು ಪ್ರಯೋಜನ ಪಡೆಯುವುದು ಹೇಗೆಂಬುದು ಅರ್ಥಶಾಸ್ತ್ರದ ಪ್ರಶ್ನೆಯೇ ಅಲ್ಲವೇ?

ಮೊದಲು ಟಾರ್ಕ್ ಎಂದರೇನೆಂಬುದನ್ನು ತಿಳಿಯೋಣ. ಬಾಗಿಲನ್ನು ಹಿಡಿಯ ಬಳಿ ತಳ್ಳಿದರೆ ಸಲೀಸಾಗಿ ತೆರೆಯುತ್ತದೆ. ಕೀಲಿನ ಬಳಿ ತಳ್ಳಿದರೆ ಹೆಣಗಬೇಕಾಗುತ್ತದೆ. ತಿರುಗಿಸುವ ಪರಿಣಾಮವು ಬಲವನ್ನು ಮಾತ್ರವಲ್ಲದೆ, ತಿರುಗುವ ಕೇಂದ್ರದಿಂದ ಆ ಬಲಕ್ಕಿರುವ ದೂರವನ್ನೂ ಅವಲಂಬಿಸಿದೆ. ಬಲವನ್ನು ದೂರದಿಂದ ಗುಣಿಸಿದರೆ ಬರುವುದೇ ಟಾರ್ಕ್. ಇದರ ಮಾನ ನ್ಯೂಟನ್-ಮೀಟರ್. ಹಳೆಯ ಕೈಪಿಡಿಗಳಲ್ಲಿ ಕಿಲೋಗ್ರಾಂ-ಮೀಟರ್ ಎಂದಿದ್ದರೆ 9.8ರಿಂದಲೂ, ಅಡಿ-ಪೌಂಡ್ ಎಂದಿದ್ದರೆ 1.356ರಿಂದಲೂ ಗುಣಿಸಿದರೆ ನ್ಯೂಟನ್-ಮೀಟರ್ ದೊರೆಯುತ್ತದೆ.

ಇನ್ನು ಬೋಲ್ಟಿನ ಕೆಲಸವೇನು? ಅದು ಬಹು ಗಟ್ಟಿಯಾದ ಒಂದು ಸ್ಪ್ರಿಂಗಿನಂತೆ. ಬಿಗಿದಾಗ ಕೂದಲೆಳೆಯಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಎಳಸುವ ಆ ಸೆಳೆತವೇ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಸೆಳೆತ ಸಾಲದಿದ್ದರೆ ಗಾಡಿಯ ಅದುರುವಿಕೆಗೆ ನಟ್ಟು ಸಡಿಲವಾಗುತ್ತದೆ. ಸೆಳೆತ ಮಿತಿಮೀರಿದರೆ ಬೋಲ್ಟು ತುಂಡಾಗುತ್ತದೆ, ಇಲ್ಲವೇ ಅಲ್ಯೂಮಿನಿಯಮ್ಮಿನಲ್ಲಿ ಕೊರೆದ ಥ್ರೆಡ್ಡು ಕಿತ್ತು ಬರುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ನಮ್ಮ ಊರಿನ ಕಡೆಯ ಗ್ಯಾರೇಜೊಂದರಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಎಂಜಿನ್ ಆಯಿಲಿನ ಡ್ರೈನ್ ಪ್ಲಗ್ಗನ್ನು ಉತ್ಸಾಹದಿಂದ ತಿರುಗಿಸಿ ಥ್ರೆಡ್ಡನ್ನೇ ಕಿತ್ತುಬಿಟ್ಟನು. ಅದನ್ನು ಸರಿಪಡಿಸಿದ ಖರ್ಚು ಅವನ ವಾರದ ಕೂಲಿಯಿಂದ ಹೋಯಿತು. ಅವನಲ್ಲಿ ಶಕ್ತಿಗೆ ಕೊರತೆಯಿರಲಿಲ್ಲ, ಅಳತೆಯೊಂದು ಇರಲಿಲ್ಲ. ಇದು ಹಣದ ನಷ್ಟ ಮಾತ್ರ. ಚಕ್ರದ ನಟ್ಟೋ ಬ್ರೇಕಿನ ಬೋಲ್ಟೋ ಸಡಿಲವಾದರೆ ಹೋಗುವುದು ಪ್ರಾಣ.

ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾಹ್ರ್ ಎಂಬಾತನು 1918ರಲ್ಲಿ, ಕೊಳವೆಗಳ ಜೋಡಣೆಯ ಬೋಲ್ಟುಗಳು ಅತಿಯಾಗಿ ಬಿಗಿಯಾಗದಂತೆ ತಡೆಯಲು ಈ ಉಪಕರಣವನ್ನು ಕಲ್ಪಿಸಿದನೆಂದು ಹೇಳುತ್ತಾರೆ. ಇಂದು ಮನೆಬಳಕೆಗೆ ಒದಗುವ ಬಗೆಗಳು ಮುಖ್ಯವಾಗಿ ಮೂರು.

ಮೊದಲನೆಯದು ಕಡ್ಡಿಯ ಬಗೆ. ಬಲ ಹಾಕಿದಾಗ ಇದರ ಉಕ್ಕಿನ ಸಲಾಕೆ ಬಾಗುತ್ತದೆ; ಬಾಗದೆ ನಿಲ್ಲುವ ಮುಳ್ಳು ಅಂಕಿಯನ್ನು ತೋರಿಸುತ್ತದೆ. ರಚನೆ ಸರಳ, ಕೆಡುವ ಭಾಗಗಳು ಕಡಿಮೆ, ಬೆಲೆಯೂ ಹೆಚ್ಚಲ್ಲ. ಮುಳ್ಳು ಸೊನ್ನೆಯಿಂದ ಸರಿದರೆ ಅದನ್ನೇ ಮೆಲ್ಲಗೆ ಬಾಗಿಸಿ ಸೊನ್ನೆಗೆ ತರಬಹುದು. ಆದರೆ ಅಂಕಿಯನ್ನು ನೇರವಾಗಿ ನೋಡಬೇಕು. ಓರೆಯಿಂದ ನೋಡಿದರೆ ತಪ್ಪಾಗುತ್ತದೆ. ಎಂಜಿನ್ನಿನ ಇಕ್ಕಟ್ಟಿನಲ್ಲಿ ಇದು ಕಷ್ಟ.

ಎರಡನೆಯದು 'ಕ್ಲಿಕ್' ಬಗೆ. ಬೇಕಾದ ಅಂಕಿಗೆ ಹಿಡಿಯನ್ನು ತಿರುಗಿಸಿಟ್ಟರೆ, ಆ ಟಾರ್ಕ್ ಬಂದೊಡನೆ ಒಳಗಿನ ಸ್ಪ್ರಿಂಗು ಸೋತು ಟಕ್ಕೆಂದು ಸದ್ದು ಕೊಡುತ್ತದೆ. ಕಣ್ಣಿಗೆ ಕಾಣದ ಮೂಲೆಯಲ್ಲಿಯೂ ಕೆಲಸ ಮಾಡಬಹುದು. ಸದ್ದು ಬಂದ ಮೇಲೂ ಎಳೆದರೆ ಮಾತ್ರ ಬೋಲ್ಟು ಇನ್ನಷ್ಟು ಬಿಗಿಯಾಗುತ್ತದೆ. ಅದನ್ನು ತಡೆಯುವ ಶಕ್ತಿ ಈ ಉಪಕರಣಕ್ಕಿಲ್ಲ.

ಮೂರನೆಯದು ಬ್ಯಾಟರಿಯ ಡಿಜಿಟಲ್ ಬಗೆ. ಓದಲು ಸುಲಭ, ಬೆಲೆ ಸಾಮಾನ್ಯವಾಗಿ ಹೆಚ್ಚು.

ಕೊಳ್ಳುವಾಗ ನೋಡಬೇಕಾದ ಮೊದಲ ಅಂಶ ನಿಖರತೆ. ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 6789ರ ಪ್ರಕಾರ, 10 ನ್ಯೂಟನ್-ಮೀಟರಿಗೆ ಮೇಲ್ಪಟ್ಟ ಕ್ಲಿಕ್ ರೆಂಚು ಶೇಕಡಾ 4ಕ್ಕಿಂತ ಹೆಚ್ಚು ಆಚೀಚೆಯಾಗಬಾರದು. ಕಡ್ಡಿಯ ಬಗೆಗೆ ಶೇಕಡಾ 6ರ ರಿಯಾಯಿತಿಯುಂಟು. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಈ ಶೇಕಡಾವಾರು ಯಾವುದರದು? ಓದಿದ ಅಂಕಿಯದೋ, ಗರಿಷ್ಠ ಅಂಕಿಯದೋ? ಗರಿಷ್ಠ 200 ಇರುವ ರೆಂಚಿಗೆ 'ಗರಿಷ್ಠದ ಶೇಕಡಾ 2' ಎಂದು ಬರೆದಿದ್ದರೆ, ತಪ್ಪು ಎಲ್ಲೆಡೆಯೂ 4 ನ್ಯೂಟನ್-ಮೀಟರಿನವರೆಗೆ ಇರಬಹುದು. 20ರ ಕೆಲಸಕ್ಕೆ ಆ 4 ಎಂದರೆ ಶೇಕಡಾ 20 ಆಯಿತು! ಚಿಕ್ಕ ಅಂಕಿ ಕಂಡೊಡನೆ ಮರುಳಾಗಬಾರದು.

ಎರಡನೆಯ ಅಂಶ ವ್ಯಾಪ್ತಿ. ರೆಂಚಿನ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು ಗರಿಷ್ಠದ ಶೇಕಡಾ 20, 60 ಮತ್ತು 100ರಲ್ಲಿ. ಆದುದರಿಂದ ಗರಿಷ್ಠದ ಐದನೆಯ ಒಂದಕ್ಕಿಂತ ಕೆಳಗೆ ಅದನ್ನು ನಂಬುವಂತಿಲ್ಲ. ಆರು ಮಿಲಿಮೀಟರಿನ ಸಣ್ಣ ಬೋಲ್ಟಿಗೆ ಸುಮಾರು 10, ಡ್ರೈನ್ ಪ್ಲಗ್ಗಿಗೆ ಸಾಮಾನ್ಯವಾಗಿ 20ರಿಂದ 35, ಸಣ್ಣ ಕಾರಿನ ಚಕ್ರದ ನಟ್ಟಿಗೆ 85ರಿಂದ 120 ನ್ಯೂಟನ್-ಮೀಟರ್ ಬೇಕಾಗುತ್ತದೆ. ಖಚಿತವಾದ ಅಂಕಿಯನ್ನು ಆಯಾ ವಾಹನದ ಕೈಪಿಡಿಯಲ್ಲಿಯೇ ನೋಡಬೇಕು. ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಬಂಗಾರ ತೂಗಲಾಗದಂತೆ ಒಂದೇ ರೆಂಚಿನಿಂದ ಇವೆಲ್ಲವೂ ಆಗವು. ಬೈಕು ಮಾತ್ರ ಇರುವವರು ಮೊದಲು ಸುಮಾರು 10ರಿಂದ 60ರವರೆಗಿನದನ್ನೂ, ಕಾರಿನ ಚಕ್ರಕ್ಕಾಗಿ ಬೇಕೆನ್ನುವವರು ಅರ್ಧ ಅಂಗುಲದ, 40ರಿಂದ 200ರವರೆಗಿನದನ್ನೂ ಕೊಂಡರೆ ಸಾಕು. ಬೆಡಗಿನ ಡಿಜಿಟಲ್ ಒಂದಕ್ಕೆ ತೆರುವ ಹಣದಲ್ಲಿ ಸಾಧಾರಣವಾದ ಎರಡು ಬಂದರೆ, ಎರಡೇ ಮೇಲು. ಪರೀಕ್ಷಾ ಪತ್ರವಿರುವುದನ್ನೂ, ಪತ್ರದ ಸಂಖ್ಯೆಯೂ ರೆಂಚಿನ ಮೇಲಿನ ಸಂಖ್ಯೆಯೂ ಒಂದೇ ಆಗಿರುವುದನ್ನೂ ನೋಡಿಕೊಳ್ಳಬೇಕು.

ಅಗ್ಗದ ರೆಂಚು ಸತ್ಯ ಹೇಳುತ್ತದೆಯೇ ಎಂಬ ಸಂಶಯ ಸಹಜ. ಪ್ರಯೋಗಾಲಯಕ್ಕೆ ಕಳುಹಿಸುವುದು ಉತ್ತಮ. ಆದರೆ ಸ್ಥೂಲ ಪರೀಕ್ಷೆಯನ್ನು ಮನೆಯಲ್ಲಿಯೂ ಮಾಡಬಹುದು. ರೆಂಚಿನ ಚೌಕ ತಲೆಯನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಹಿಡಿಯು ನೆಲಕ್ಕೆ ಸಮನಾಗಿ ಚಾಚುವಂತೆ ನಿಲ್ಲಿಸಿ. ಅಂಗಡಿಯವರಿಂದ ಸರ್ಕಾರದ ಮುದ್ರೆಯುಳ್ಳ 10 ಕಿಲೋ ತೂಕದ ಕಲ್ಲನ್ನು ಕೇಳಿ ತಂದು ಹಿಡಿಯ ನಡುಭಾಗಕ್ಕೆ ಹಗ್ಗದಿಂದ ತೂಗುಹಾಕಿ. ಚೌಕದ ಕೇಂದ್ರದಿಂದ ಹಗ್ಗಕ್ಕೆ 40 ಸೆಂಟಿಮೀಟರ್ ಇದ್ದರೆ ಟಾರ್ಕ್ 10 × 9.8 × 0.40, ಎಂದರೆ 39.2. ರೆಂಚಿನ ಸ್ವಂತ ತೂಕವನ್ನೂ ಸೇರಿಸಬೇಕು: ಅದು 1.2 ಕಿಲೋ ತೂಗಿ, ಬೆರಳ ಮೇಲೆ ಸಮತೂಕ ನಿಲ್ಲುವ ಜಾಗವು ಚೌಕದಿಂದ 18 ಸೆಂಟಿಮೀಟರ್ ಇದ್ದರೆ ಇನ್ನೊಂದು 2.1. ಒಟ್ಟು 41.3. ಈಗ 36ಕ್ಕೆ ಇಟ್ಟು ತೂಕವನ್ನು ಮೆಲ್ಲಗೆ ಇಳಿಬಿಟ್ಟರೆ ಕ್ಲಿಕ್ ಬರಬೇಕು. ಅಂಕಿಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಿ. ಸದ್ದು ನಿಲ್ಲುವ ಜಾಗ 40ರಿಂದ 43ರೊಳಗೆ ಇದ್ದರೆ ಆ ರೆಂಚನ್ನು ನಂಬಬಹುದು.

ಒಳ್ಳೆಯ ರೆಂಚು ಕೂಡ ಕೆಟ್ಟ ಬಳಕೆಯಿಂದ ಸುಳ್ಳಾಗುತ್ತದೆ. ನಾವು ಹಾಕುವ ಶ್ರಮದ ನೂರು ಪಾಲಿನಲ್ಲಿ ಸುಮಾರು 50 ಬೋಲ್ಟಿನ ತಲೆಯಡಿಯ ಘರ್ಷಣೆಗೂ, 40 ಥ್ರೆಡ್ಡಿನ ಘರ್ಷಣೆಗೂ ಹೋಗಿ, ಸೆಳೆತಕ್ಕೆ ಉಳಿಯುವುದು ಸುಮಾರು 10 ಮಾತ್ರ. ಆದುದರಿಂದ ತುಕ್ಕು ಮಣ್ಣುಗಳಿದ್ದರೆ ಬಿಗಿ ಸಾಲದು. ಕೈಪಿಡಿ ಹೇಳದೆ ಎಣ್ಣೆ ಹಚ್ಚಿದರೆ ಅದೇ ಅಂಕಿಯಲ್ಲಿ ಬಿಗಿ ಅತಿಯಾಗುತ್ತದೆ. ಥ್ರೆಡ್ಡನ್ನು ಶುಚಿಮಾಡಿ, ಹಿಡಿಯ ನಡುವೆ ಹಿಡಿದು, ಜಗ್ಗದೆ ಒಂದೇ ಸಮನೆ ಎಳೆಯಬೇಕು. ಬಿಚ್ಚಲು ಈ ರೆಂಚನ್ನು ಬಳಸಲೇಬಾರದು. ಹಿಡಿಗೆ ಪೈಪು ಸಿಕ್ಕಿಸಬಾರದು. ಕೆಲಸ ಮುಗಿದ ಮೇಲೆ ಕ್ಲಿಕ್ ರೆಂಚನ್ನು ಅದರ ಕನಿಷ್ಠ ಅಂಕಿಗೆ ಇಳಿಸಿ ಪೆಟ್ಟಿಗೆಯಲ್ಲಿಡಬೇಕು. ಕೆಳಗೆ ಬಿದ್ದರೆ ಮತ್ತೆ ಪರೀಕ್ಷಿಸಬೇಕು.

ಅನುಭವಿಯಾದ ಮೆಕ್ಯಾನಿಕನ ಕೈ ಇದೆಲ್ಲವನ್ನೂ ಬಲ್ಲದೆಂಬ ಮಾತಿದೆ. ಆ ಕೈಯ ಬಗೆಗೆ ನನಗೆ ಗೌರವವುಂಟು; ಅದರ ಅನ್ನವನ್ನೇ ನಾನು ಉಂಡಿದ್ದೇನೆ. ಆದರೆ ಕೈ ಸಂಜೆಗೆ ದಣಿಯುತ್ತದೆ, ಉದ್ದದ ಪಾನಾ ಹಿಡಿದಾಗ ಮೋಸಹೋಗುತ್ತದೆ, ತಾನು ಬಲ್ಲುದನ್ನು ಇನ್ನೊಂದು ಕೈಗೆ ದಾಟಿಸಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಅಂಕಿಯನ್ನಾದರೋ ಹೊಸ ಹುಡುಗನಿಗೂ ಒಂದೇ ದಿನದಲ್ಲಿ ಹೇಳಿಕೊಡಬಹುದು. ವಿದ್ಯೆಯು ದುಡಿಮೆಯನ್ನು ಹಳಿಯಲು ಇರುವುದಲ್ಲ. ದುಡಿಯುವ ಕೈಗೆ ನಂಬತಕ್ಕ ಒಂದು ಅಳತೆಯನ್ನು ಒದಗಿಸಲು ಇರುವುದು. ಓದಿದವರು ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೊಡಬಹುದಾದ ಕಾಣಿಕೆ ಇದಕ್ಕಿಂತ ದೊಡ್ಡದು ಬೇಕಿಲ್ಲ.