ಮುಂಗಡ ಕೊಡುವ ಮುಂಚೆ



ಸ್ವಂತ ಮನೆಯ ಆಸೆ ಯಾರಿಗಿಲ್ಲ? ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿರುತ್ತದೆ. ಸಂಘದಲ್ಲಿ ಉಳಿಸಿದ ದುಡ್ಡು, ಅಡವಿಟ್ಟ ಬಂಗಾರ, ಬ್ಯಾಂಕಿನ ಸಾಲ, ಎಲ್ಲ ಸೇರಿಸಿ ಒಂದು ಮನೆ ಕೊಳ್ಳುತ್ತೇವೆ. ಬದುಕಿನಲ್ಲಿ ಒಂದೇ ಸಲ ಮಾಡುವ ಕೆಲಸ ಇದು. ಇದರಲ್ಲಿ ಮೋಸ ಹೋದರೆ ಹತ್ತು ವರ್ಷದ ದುಡಿಮೆ ಹೋದಂತೆ. ಆದ್ದರಿಂದ ಈ ಪಾಠವನ್ನು ನಿಧಾನವಾಗಿ ಓದೋಣ.

ಮೂರು ಊರಿನ ಸರಪಳಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ಅವರದು. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಸಹಿ ಮಾಡುತ್ತಾರೆ, ಕೂಡಿಸಿಕೊಂಡು ಓದುತ್ತಾರೆ.

ಅಕ್ಕ, ಅವರ ಯಜಮಾನರು ಸೇರಿ ಬಳ್ಳಾರಿಯಲ್ಲಿ ಒಂದು ಸಣ್ಣ ಮನೆ ನೋಡಿದರು. ಬೆಲೆ 14 ಲಕ್ಷ ರೂಪಾಯಿ. ಮಾತು ಮುಗಿದ ದಿನವೇ ಹತ್ತು ಸಾವಿರ ಕೈಯಲ್ಲಿ ಕೊಟ್ಟು ಚೀಟಿ ಬರೆಸಿಕೊಂಡರು. ಒಂದು ವಾರಕ್ಕೆ ದಲ್ಲಾಳಿ ಕರಾರು ಪತ್ರ ತಂದ. "ಇನ್ನೆರಡು ಲಕ್ಷ ಕೊಡ್ರಿ, ಇಲ್ಲಿ ಸಹಿ ಮಾಡ್ರಿ" ಎಂದ.

ಅಕ್ಕ ಸಹಿ ಮಾಡಲಿಲ್ಲ. ಪತ್ರವನ್ನು ರಾತ್ರಿ ಕೇಂದ್ರಕ್ಕೆ ತಂದರು. ಒಂದೊಂದು ಪದದ ಕೆಳಗೆ ಬೆರಳಿಟ್ಟು ನಮ್ಮ ಜೊತೆ ಓದಿದರು. ಒಂದು ಸಾಲು ಹೀಗಿತ್ತು: "ಮಾರುವವರು ಸಿರುಗುಪ್ಪದ ಮನೆ ಖರೀದಿ ಮುಗಿದ ನಂತರ ಕ್ರಯಪತ್ರ ಮಾಡಿಕೊಡತಕ್ಕದ್ದು."

ಅಕ್ಕನ ಬೆರಳು ಅಲ್ಲೇ ನಿಂತಿತು. "ನಂತರ ಅಂದ್ರೆ ಯಾವಾಗ್ರೀ? ತಾರೀಖು ಎಲ್ಲೈತೆ?" ಎಂದು ಕೇಳಿದರು.

ತಾರೀಖು ಇರಲಿಲ್ಲ. ಮರುದಿನ ವಿಚಾರಿಸಿದಾಗ ವಿಷಯ ತಿಳಿಯಿತು. ಬಳ್ಳಾರಿ ಮನೆಯವರು ಇದನ್ನು ಮಾರಿ ಸಿರುಗುಪ್ಪದಲ್ಲಿ ಮನೆ ಕೊಳ್ಳಬೇಕು. ಸಿರುಗುಪ್ಪದವರು ಅದನ್ನು ಮಾರಿ ಕುರುಗೋಡಿನಲ್ಲಿ ಜಾಗ ಕೊಳ್ಳಬೇಕು. ಅಕ್ಕ ಕೊಡುವ ಎರಡು ಲಕ್ಷ ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ಅಲ್ಲಿಂದ ಕುರುಗೋಡಿಗೆ ಹೋಗುತ್ತದೆ. ಎತ್ತಿನ ಬಂಡಿಗಳನ್ನು ಒಂದರ ಹಿಂದೆ ಒಂದು ಕಟ್ಟಿದ ಹಾಗೆ. ಮುಂದಿನ ಬಂಡಿ ಹೂತರೆ ಹಿಂದಿನವೆಲ್ಲ ನಿಲ್ಲುತ್ತವೆ. ಎಲ್ಲಕ್ಕಿಂತ ಹಿಂದಿನ ಬಂಡಿಯಲ್ಲಿ ಕುಳಿತವರು ನಮ್ಮ ಅಕ್ಕ. ಮುಂದೆ ಏನಾಗಿದೆ ಎಂಬುದು ಅವರಿಗೆ ಕಾಣುವುದೇ ಇಲ್ಲ.

ಅಕ್ಕ ಏನು ಮಾಡಿದರು?

ಎರಡು ಲಕ್ಷ ಕೊಡಲಿಲ್ಲ. ನಲವತ್ತು ಸಾವಿರ ಮಾತ್ರ ಬ್ಯಾಂಕಿನ ಮೂಲಕ ಕೊಟ್ಟರು. ಕರಾರಿನಲ್ಲಿ ಆ ಸಾಲು ತೆಗೆಸಿ ಹೀಗೆ ಬರೆಸಿದರು: "ಮಾರುವವರು ಬೇರೆ ಮನೆ ಕೊಂಡರೂ ಕೊಳ್ಳದಿದ್ದರೂ ಇಂದಿನಿಂದ ಮೂರು ತಿಂಗಳೊಳಗೆ ಕ್ರಯಪತ್ರ ಮಾಡಿಕೊಡತಕ್ಕದ್ದು. ತಪ್ಪಿದರೆ ಮುಂಗಡ 50,000 ರೂಪಾಯಿಯನ್ನು ಒಂದು ತಿಂಗಳಲ್ಲಿ ಹಿಂದಿರುಗಿಸತಕ್ಕದ್ದು."

ಎರಡು ತಿಂಗಳಾಯಿತು. ಕುರುಗೋಡಿನ ಜಾಗದ ವ್ಯವಹಾರ ಮುರಿದುಬಿತ್ತು. ಅದು ಪಿತ್ರಾರ್ಜಿತ ಜಾಗ. ಅಣ್ಣತಮ್ಮಂದಿರು ಮಾರಲು ಹೊರಟಿದ್ದರು, ತಂಗಿಯನ್ನು ಕೇಳಿರಲಿಲ್ಲ. ತಂಗಿ ತಕರಾರು ಮಾಡಿದಳು. ಕುರುಗೋಡು ನಿಂತಿತು, ಸಿರುಗುಪ್ಪ ನಿಂತಿತು, ಬಳ್ಳಾರಿಯೂ ನಿಂತಿತು.

"ಆ ಹೆಣ್ಮಗಳ ಮೇಲೆ ನಂಗೇನೂ ಸಿಟ್ಟಿಲ್ಲ. ಅಕೀ ಪಾಲು ಅಕೀ ಕೇಳ್ಯಾಳ. ಮೊದಲೇ ಅಕೀನ ಕೇಳಬೇಕಿತ್ತಲ್ಲ" ಎಂದರು ಅಕ್ಕ.

ಹೌದು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ಆಯಿತು. ಅಂದಿನಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಇದೆ. ಮದುವೆಯಾಗಿ ಹೋದ ಮಗಳಿಗೂ ಇದೆ.

ಕರಾರಿನ ಪ್ರಕಾರ ಅಕ್ಕ ಕೋರ್ಟಿಗೆ ಹೋಗಿ ಮನೆಯನ್ನೇ ಕೇಳಬಹುದಿತ್ತು. ಗೊತ್ತುಮಾಡಿದ ತಾರೀಖಿನಿಂದ ಮೂರು ವರ್ಷದೊಳಗೆ ದಾವೆ ಹೂಡಲು ಅವಕಾಶವಿದೆ. ಆದರೆ ಅಲೆದಾಟ ಬೇಡವೆಂದು ಹಣ ವಾಪಸ್ ಕೇಳಿದರು. ಐವತ್ತು ಸಾವಿರ ಎರಡು ಕಂತಿನಲ್ಲಿ ಬಂತು. ಎರಡು ಲಕ್ಷ ಕೊಟ್ಟಿದ್ದರೆ ಅದು ಮೂರು ಊರು ದಾಟಿ ಹೋಗಿರುತ್ತಿತ್ತು. ಯಾರ ಮನೆ ಬಾಗಿಲಿಗೆ ಹೋಗಿ ಕೇಳುವುದು?

ಕರಾರು ಬೇರೆ, ಕ್ರಯ ಬೇರೆ

ಕರಾರು ಪತ್ರ ಎಂದರೆ "ಮುಂದೆ ಮಾರುತ್ತೇನೆ" ಎಂಬ ಮಾತು. ಕ್ರಯಪತ್ರ ಎಂದರೆ "ಮಾರಿದ್ದೇನೆ" ಎಂಬ ಮಾತು. 1882ರ ಆಸ್ತಿ ವರ್ಗಾವಣೆ ಕಾನೂನಿನ ಪ್ರಕಾರ ಬರೀ ಕರಾರಿನಿಂದ ಮನೆ ನಿಮ್ಮದಾಗುವುದಿಲ್ಲ. ನೂರು ರೂಪಾಯಿ ಮೇಲಿನ ಆಸ್ತಿಯ ಕ್ರಯಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು.

ಕೆಲವರು ತಾವೇ ಕರಾರಿನ ಮೇಲೆ ಇರುತ್ತಾರೆ. ಅವರ ಹೆಸರಿಗೆ ಇನ್ನೂ ಕ್ರಯ ಆಗಿರುವುದಿಲ್ಲ. ಆದರೂ ನಮಗೆ ಇನ್ನೊಂದು ಕರಾರು ಬರೆದುಕೊಟ್ಟು ಮುಂಗಡ ತೆಗೆದುಕೊಳ್ಳುತ್ತಾರೆ. ಇಂಥ ಕಡೆ ಮೂಲ ಮಾಲೀಕರನ್ನು ನೋಡದೆ ದುಡ್ಡು ಕೊಡಬೇಡಿ. ಕ್ರಯಪತ್ರಕ್ಕೆ ಅವರ ಸಹಿಯೇ ಬೇಕು.

"ಜಿ.ಪಿ.ಎ. ಮಾಡಿಕೊಡ್ತೀವಿ, ಅದೇ ಸಾಕು" ಎನ್ನುವವರೂ ಇದ್ದಾರೆ. ಸಾಲದು. ಜಿ.ಪಿ.ಎ. ಎಂದರೆ ಅಧಿಕಾರ ಪತ್ರ ಮಾತ್ರ. ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿದೆ.

ನೋಡಬೇಕಾದ ಕಾಗದ ಪತ್ರಗಳು

1. ಮೂಲ ಪತ್ರಗಳು. ಇವತ್ತಿನ ಮಾಲೀಕರಿಗೆ ಯಾರು ಮಾರಿದರು? ಅವರಿಗೆ ಯಾರು ಮಾರಿದರು? ಇದೂ ಒಂದು ಸರಪಳಿ. ನಡುವೆ ಒಂದು ಕೊಂಡಿಯೂ ತಪ್ಪಿರಬಾರದು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಹಳೆಯ ಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಬಲ್ಲವರಿಂದ ಓದಿಸಿ. ಜೆರಾಕ್ಸ್ ನೋಡಿ ಒಪ್ಪಬೇಡಿ. ಅಸಲು ಪತ್ರ ತೋರಿಸದಿದ್ದರೆ ಅದು ಎಲ್ಲೋ ಅಡವು ಇರಬಹುದು.

2. ಇ.ಸಿ. ಅಂದರೆ ಋಣಭಾರ ಪತ್ರ. ಮನೆಯ ಮೇಲೆ ನೋಂದಣಿಯಾದ ಕ್ರಯ, ಅಡಮಾನ ಇದರಲ್ಲಿ ಕಾಣುತ್ತವೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಸರ್ಕಾರದ ಕಾವೇರಿ ವ್ಯವಸ್ಥೆಯಲ್ಲಿ ಇದನ್ನು ಪಡೆಯಬಹುದು. ಆದರೆ ನೆನಪಿಡಿ: ನೋಂದಣಿಯಾಗದ ಕರಾರು, ಕೈಸಾಲ, ಮನೆಯೊಳಗಿನ ಜಗಳ ಇ.ಸಿ.ಯಲ್ಲಿ ಕಾಣುವುದಿಲ್ಲ. ನಮ್ಮ ಕರಾರನ್ನು ನೋಂದಣಿ ಮಾಡಿಸಿದರೆ ಅದೂ ಇ.ಸಿ.ಯಲ್ಲಿ ಬರುತ್ತದೆ. ಅದೇ ಮನೆಯನ್ನು ಇನ್ನೊಬ್ಬರಿಗೆ ತೋರಿಸುವುದು ಆಗ ಸುಲಭವಲ್ಲ.

3. ಇ-ಖಾತೆ. ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆ, ಸಿರುಗುಪ್ಪದಲ್ಲಿ ನಗರಸಭೆ, ಕುರುಗೋಡಿನಲ್ಲಿ ಪುರಸಭೆ ಖಾತೆ ಕೊಡುತ್ತವೆ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ನಮೂನೆ 9 ಮತ್ತು 11 ಕೊಡುತ್ತದೆ. ಖಾತೆ ತೆರಿಗೆಯ ಲೆಕ್ಕ. ಅದೊಂದೇ ಮಾಲೀಕತ್ವದ ಪತ್ರವಲ್ಲ.

4. ಹೊಲದಲ್ಲಿ ಮಾಡಿದ ಸೈಟಾದರೆ ಎನ್.ಎ. ಆದೇಶ ಮತ್ತು ಮಂಜೂರಾದ ಬಡಾವಣೆ ನಕ್ಷೆ ಕೇಳಿ. ಬಳ್ಳಾರಿಯಲ್ಲಿ ನಕ್ಷೆ ಮಂಜೂರು ಮಾಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಬುಡಾ. ಬರೀ ಪಹಣಿ ತೋರಿಸಿ ಸೈಟು ಮಾರಿದರೆ ಕೊಳ್ಳಬೇಡಿ.

5. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಇದು 1978ರ ಕಾನೂನು. ಕೊಂಡರೆ ಜಮೀನು ವಾಪಸ್ ಹೋಗುತ್ತದೆ.

ದುಡ್ಡಿನ ವಿಷಯ

ಮುಂಗಡ ಕಡಿಮೆ ಕೊಡಿ. ಬ್ಯಾಂಕಿನ ಮೂಲಕ ಕೊಡಿ. ಮನೆ, ಜಾಗದ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ತಡೆದಿದೆ.

ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದರೆ ಬಾಕಿ ಎಷ್ಟೆಂದು ಬ್ಯಾಂಕಿನಿಂದ ಪತ್ರ ತರಿಸಿ. ಅಷ್ಟು ಹಣವನ್ನು ನೇರವಾಗಿ ಆ ಸಾಲಕ್ಕೇ ಕಟ್ಟಿ.

ಉಳಿದ ಹಣ ನೋಂದಣಿಯ ದಿನ ಕೊಡಿ. ಅವರು ಮುಂದಿನ ಮನೆಗೆ ಆ ಹಣ ಕಟ್ಟಿಕೊಳ್ಳಲಿ, ಆದರೆ ನಿಮ್ಮ ಕ್ರಯಪತ್ರ ಮೊದಲು ಆಗಲಿ. ಖಾಲಿ ಮಾಡಲು ಅವರಿಗೆ ಕೆಲವು ದಿನ ಬೇಕಾದರೆ ದಿನ ಗೊತ್ತುಮಾಡಿ ಬರೆಸಿ. ಸ್ವಲ್ಪ ಹಣ ತಡೆಹಿಡಿದು ಬೀಗದ ಕೈ ಕೊಟ್ಟ ದಿನ ಕೊಡುವುದಾಗಿ ಬರೆಸಿ. ಬೀಗದ ಕೈ ಸಿಗುವ ಮುಂಚೆ ಬಾಡಿಗೆ ಮನೆ ಬಿಡಬೇಡಿ.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿ. ಮುದ್ರಾಂಕ ಶುಲ್ಕ ಬೇರೆ, ನೋಂದಣಿ ಶುಲ್ಕ ಬೇರೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ರೂಪಾಯಿಯಿಂದ 2 ರೂಪಾಯಿಗೆ ಏರಿತು. ಹೀಗೆ ಲೆಕ್ಕ ಹಾಕಿದರೆ 14 ಲಕ್ಷಕ್ಕೆ ನೋಂದಣಿ ಶುಲ್ಕವೇ 28,000 ರೂಪಾಯಿ.

ಯಾರನ್ನು ಕೇಳುವುದು?

ದಲ್ಲಾಳಿ ಹೇಳಿದ ವಕೀಲರ ಹತ್ತಿರ ಹೋಗಬೇಡಿ. ನಿಮ್ಮ ವಕೀಲರನ್ನು ನೀವೇ ಹುಡುಕಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಕಾನೂನು ನೆರವು ಉಚಿತ. 1987ರ ಕಾನೂನು ಈ ಹಕ್ಕು ಕೊಟ್ಟಿದೆ. ಬಳ್ಳಾರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ನಮ್ಮ ಅಕ್ಕ ಈಗ ಮತ್ತೆ ಮನೆ ನೋಡುತ್ತಿದ್ದಾರೆ. ಹೋದ ಕಡೆಯೆಲ್ಲ ಅವರ ಮೊದಲ ಮಾತು: "ಇದನ್ನ ಮಾರಿ ನೀವು ಎಲ್ಲಿಗೆ ಹೋಗ್ತೀರಿ? ಆ ಮನೆ ಆಗದಿದ್ರೂ ನಂಗೆ ಬರೆದುಕೊಡ್ತೀರೇನ್ರೀ?"

ನೀವೂ ಹೀಗೆ ಕೇಳಿ. ಕೇಳಲು ನಾಚಿಕೆ ಬೇಡ. ಖಾಲಿ ಕಾಗದಕ್ಕೆ ಸಹಿ ಬೇಡ. ಓದದ ಕಾಗದಕ್ಕೂ ಸಹಿ ಬೇಡ.

ಹೊಸ ಪದಗಳು

ಮುಂಗಡ: ವ್ಯವಹಾರ ಮುಗಿಯುವ ಮುಂಚೆ ಕೊಡುವ ಹಣ, ಅಡ್ವಾನ್ಸ್
ಕರಾರು: ಒಪ್ಪಂದ
ಕ್ರಯಪತ್ರ: ಮಾರಾಟದ ಪತ್ರ
ಋಣಭಾರ: ಆಸ್ತಿಯ ಮೇಲಿನ ಹೊರೆ
ಪಿತ್ರಾರ್ಜಿತ: ಹಿರಿಯರಿಂದ ಬಂದ ಆಸ್ತಿ

ಅಭ್ಯಾಸ

1. ಅಕ್ಕ ಯಾವ ಪದದ ಹತ್ತಿರ ಬೆರಳು ನಿಲ್ಲಿಸಿದರು? ಏಕೆ?
2. ಕುರುಗೋಡಿನ ವ್ಯವಹಾರ ಮುರಿದರೆ ಬಳ್ಳಾರಿಯ ಮನೆ ಏಕೆ ನಿಂತಿತು?
3. ಬಿಟ್ಟ ಪದ ತುಂಬಿ: ಬರೀ ________ ಪತ್ರದಿಂದ ಮನೆ ನಮ್ಮದಾಗುವುದಿಲ್ಲ.
4. ಲೆಕ್ಕ ಮಾಡಿ: ನೂರಕ್ಕೆ 2 ರೂಪಾಯಿಯಂತೆ 9 ಲಕ್ಷದ ಮನೆಗೆ ನೋಂದಣಿ ಶುಲ್ಕ ಎಷ್ಟು?
5. ನಿಮ್ಮ ಮನೆಯ ಖಾತೆ ಯಾರ ಹೆಸರಿನಲ್ಲಿದೆ? ನೋಡಿ ಬಂದು ಬರೆಯಿರಿ.