ಬಿಸಿಲಿಗೆದುರಾಗಿ ಛಾಯಾಗ್ರಹಣ

(ಅಂತಿಮ ಬಿ.ಎ. ವಿದ್ಯಾರ್ಥಿ)

ಸೂರ್ಯನನ್ನು ಬೆನ್ನ ಹಿಂದೆ ಇರಿಸಿಕೊಂಡು ಚಿತ್ರ ತೆಗೆಯಬೇಕೆಂಬುದು ಕ್ಯಾಮೆರಾ ಹಿಡಿದವರಿಗೆಲ್ಲ ಮೊದಲು ದೊರೆಯುವ ಬುದ್ಧಿವಾದ. ಅದು ತಪ್ಪಲ್ಲ. ಬೆಳಕು ಎದುರಿನವರ ಮುಖದ ಮೇಲೆ ನೇರವಾಗಿ ಬಿದ್ದರೆ ಕಣ್ಣು, ಮೂಗು, ಉಡುಪು ಎಲ್ಲವೂ ಸ್ಪಷ್ಟವಾಗಿ ಮೂಡುತ್ತವೆ. ಆದರೆ ಕಳಸದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ನಿಯಮವನ್ನು ಪಾಲಿಸುವುದು ಸುಲಭವಲ್ಲ. ಡಿಸೆಂಬರ್ ತಿಂಗಳ ಬೆಳಿಗ್ಗೆ ಭದ್ರೆಯ ಮೇಲಿನ ಮಂಜು ತೋಟಗಳಿಗೆ ಏರಿ, ಸಿಲ್ವರ್ ಓಕ್ ಮರಗಳ ನಡುವೆ ಬಿಸಿಲು ಕೋಲುಕೋಲಾಗಿ ಇಳಿಯುವಾಗ, ಆ ಕಡೆಗೆ ಬೆನ್ನು ಮಾಡಿ ನಿಲ್ಲಲು ಯಾರಿಗೆ ತಾನೇ ಮನಸ್ಸು ಬಂದೀತು? ಬಿಸಿಲಿಗೆದುರಾಗಿ ಚಿತ್ರ ತೆಗೆಯುವ ಬಗೆಯನ್ನೂ, ಅನಂತರ ಅದನ್ನು ಕಪ್ಪು ಬಿಳುಪಿನಲ್ಲಿ ತಿದ್ದುವ ಬಗೆಯನ್ನೂ, ಹಾಗೆ ಮಾಡುವಾಗ ನಮ್ಮ ಕೈಬಿಟ್ಟು ಹೋಗಬಹುದಾದದ್ದನ್ನೂ ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಈ ಸೊಬಗಿನ ಕಾರಣವನ್ನು ನೋಡೋಣ. ಮಂಜಿನ ಹನಿಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆದರಿಸುತ್ತವೆ. ಆದುದರಿಂದ ಸೂರ್ಯನ ಕಡೆ ಮುಖ ಮಾಡಿದವನಿಗೆ ಮಂಜು ಹೊಳೆಯುತ್ತದೆ. ಬೆನ್ನು ಮಾಡಿದವನಿಗೆ ಅದೇ ಮಂಜು ಮಂಕಾದ ಬಿಳಿಯ ತೆರೆಯಂತೆ ಕಾಣುತ್ತದೆ. ಬಚ್ಚಲೊಲೆಯ ಹೊಗೆ, ಜೀಪಿನ ಹಿಂದೆ ಏಳುವ ದೂಳು ಇವುಗಳಿಗೂ ಇದೇ ಮಾತು ಸಲ್ಲುತ್ತದೆ. ಎಳೆಯ ಎಲೆಯೊಳಗಿಂದ ಬೆಳಕು ಹಾದು ಬರುತ್ತದೆ. ಮನುಷ್ಯರ ತಲೆಗೂದಲಿಗೂ ಭುಜಕ್ಕೂ ಒಂದು ಬೆಳ್ಳಿಯ ಅಂಚು ಕಟ್ಟುತ್ತದೆ.

ತೊಂದರೆ ಇರುವುದು ಯಂತ್ರದಲ್ಲಿ. ನಮ್ಮ ಕಣ್ಣು ಹೊಳೆಯುವ ಆಕಾಶವನ್ನೂ ಮರದಡಿಯ ನೆರಳನ್ನೂ ಹೊಂದಿಸಿಕೊಂಡು ನೋಡಬಲ್ಲದು. ಕ್ಯಾಮೆರಾಕ್ಕೆ ಅಷ್ಟು ಶಕ್ತಿಯಿಲ್ಲ. ಅದರೊಳಗಿನ ಬೆಳಕಿನ ಮಾಪಕವು ತನ್ನ ಮುಂದಿರುವುದನ್ನು ಸರಾಸರಿ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಸೂರ್ಯನು ಚೌಕಟ್ಟಿನೊಳಗೆ ಬಂದೊಡನೆ ಅದು ಬೆಳಕು ವಿಪರೀತವಾಯಿತೆಂದು ತಿಳಿದು ಎಲ್ಲವನ್ನೂ ಕತ್ತಲಾಗಿಸುತ್ತದೆ. ಎದುರಿಗೆ ನಿಂತವರು ಕರಿಯ ಆಕೃತಿಗಳಾಗುತ್ತಾರೆ.

ಚಿತ್ರ ತೆಗೆಯುವಾಗ ಪಾಲಿಸತಕ್ಕ ಕೆಲವು ಅಂಶಗಳಿವೆ:

1. ದೂರವನ್ನು ಹತ್ತಿರ ತೋರಿಸುವ ಲೆನ್ಸಿನ ಕಿಂಡಿಯ ಮೂಲಕ ಸೂರ್ಯನನ್ನು ಎಂದಿಗೂ ನೋಡಕೂಡದು. ಕಣ್ಣಿಗೆ ಆದ ಹಾನಿ ಮತ್ತೆ ಸರಿಹೋಗದೆ ಉಳಿಯಬಹುದು. ಸೂರ್ಯನು ಮರದ ಕಾಂಡದ ಮರೆಯಲ್ಲಿರುವಂತೆ ನಿಲ್ಲುವುದು ಕ್ಷೇಮ. ಚಿತ್ರಕ್ಕೂ ಅದೇ ಲೇಸು.

2. ಲೆನ್ಸನ್ನು ಹತ್ತಿಯ ಬಟ್ಟೆಯಿಂದ ಒರೆಸಬೇಕು. ಬೆರಳಿನ ಜಿಡ್ಡು ಬಿಸಿಲಿಗೆದುರಾದಾಗ ಚಿತ್ರವನ್ನೆಲ್ಲ ಮಸುಕುಮಾಡುತ್ತದೆ. ಅಂಗೈಯನ್ನು ಮೇಲೆ ಅಡ್ಡ ಹಿಡಿದರೆ ಅಡ್ಡಬೆಳಕಿನ ಕಲೆಗಳು ಕಡಿಮೆಯಾಗುತ್ತವೆ.

3. ಮೊಬೈಲಿನಲ್ಲಾದರೆ ಪರದೆಯ ಮೇಲೆ ಹೊಳೆಯುವ ಮಂಜಿನ ಭಾಗವನ್ನು ಮುಟ್ಟಿ ಬೆಳಕನ್ನು ನಿಗದಿಪಡಿಸತಕ್ಕದ್ದು. ಡಿಜಿಟಲ್ ಚಿತ್ರದಲ್ಲಿ ಪೂರ್ತಿ ಬೆಳ್ಳಗಾಗಿ ಹೋದ ಭಾಗದಲ್ಲಿ ಮತ್ತೆ ಹುಡುಕಲು ಏನೂ ಉಳಿದಿರುವುದಿಲ್ಲ. ನೆರಳಿನಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ಹಿಂದಿನ ನೆಗೆಟಿವ್ ಫಿಲಮಿನಲ್ಲಿ ಇದು ಬಹುಮಟ್ಟಿಗೆ ತಿರುಗುಮುರುಗು.

ಇನ್ನು ಕಪ್ಪು ಬಿಳುಪಿನ ವಿಚಾರ. ಬಣ್ಣವನ್ನು ಅಳಿಸಿಬಿಟ್ಟರೆ ಕಪ್ಪು ಬಿಳುಪಿನ ಚಿತ್ರವಾಯಿತೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಕೆಂಪು ಕಾಫಿ ಹಣ್ಣೂ ಹಸುರು ಎಲೆಯೂ ಬಣ್ಣ ಕಳೆದುಕೊಂಡ ಮೇಲೆ ಹೆಚ್ಚುಕಡಿಮೆ ಒಂದೇ ಬೂದಿಯಾಗಿ ಬೆರೆತುಹೋಗುವುದುಂಟು. ಆದುದರಿಂದ ಮೂಲದ ಯಾವ ಬಣ್ಣ ಎಷ್ಟು ಬೆಳ್ಳಗಾಗಬೇಕೆಂಬುದನ್ನು ನಾವೇ ಗೊತ್ತುಮಾಡಬೇಕು. ಕೆಂಪನ್ನು ಏರಿಸಿದರೆ ಹಣ್ಣು ಬೆಳಗುತ್ತದೆ; ನೀಲಿಯನ್ನು ಇಳಿಸಿದರೆ ಆಕಾಶ ಗಾಢವಾಗಿ ಮೋಡ ಎದ್ದು ಕಾಣುತ್ತದೆ. ಫಿಲಮಿನ ಕಾಲದಲ್ಲಿ ಲೆನ್ಸಿನ ಮುಂದೆ ಕೆಂಪು, ಹಳದಿ ಗಾಜುಗಳನ್ನಿಟ್ಟು ಮಾಡುತ್ತಿದ್ದ ಕೆಲಸವೇ ಇದು. ನಮ್ಮವರ ಕಂದು ಮೈಬಣ್ಣದಲ್ಲಿ ಕಿತ್ತಳೆಯ ಅಂಶವೇ ಹೆಚ್ಚು. ಹಾಗಾಗಿ ಕಿತ್ತಳೆಯನ್ನು ತುಸು ಏರಿಸಿದರೆ ಆಕಾಶ ಕೆಡದೆ ಮುಖ ಮಾತ್ರ ತಿಳಿಯಾಗುತ್ತದೆ.

ಇಷ್ಟನ್ನು ಕಲಿತ ಹುಮ್ಮಸ್ಸಿನಲ್ಲಿ ನಾನು ಕುಯ್ಲಿನ ಕಾಲದಲ್ಲಿ ಒಂದು ಚಿತ್ರ ತೆಗೆದೆನು. ಹಣ್ಣಿನ ಚೀಲಗಳನ್ನು ತಲೆಯ ಮೇಲೆ ಹೊತ್ತ ಐವರು ಹೆಂಗಸರು ದಿಬ್ಬದ ಮೇಲೆ ಸಾಲಾಗಿ ಬರುತ್ತಿದ್ದರು. ಹಿಂದೆ ಸೂರ್ಯ, ಸುತ್ತ ಮಂಜು. ಸ್ನೇಹಿತರೆಲ್ಲ ಮೆಚ್ಚಿದರು. ಆ ಐವರಲ್ಲಿ ನನ್ನ ತಾಯಿಯವರೂ ಒಬ್ಬರು. ಸಂಜೆ ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, “ಚಂದ ಇದೆ ಮಗ. ಆದ್ರೆ ಇದ್ರಲ್ಲಿ ನಾನ್ ಯಾವಳು?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ನನಗೂ ಗುರುತು ಸಿಕ್ಕಿರಲಿಲ್ಲ. ಆ ರಾತ್ರಿ ಕಿತ್ತಳೆಯನ್ನು ಏರಿಸಿದೆ, ನೆರಳನ್ನು ಎತ್ತಿದೆ. ತೀರ ಕತ್ತಲಾದ ಭಾಗದಲ್ಲಿ ಯಂತ್ರವು ಹಿಡಿದ ವಿವರವೇ ಅತ್ಯಲ್ಪವಾದುದರಿಂದ ಮುಖದ ಬದಲು ಮರಳಿನಂಥ ಕಾಳುಗಳೆದ್ದವು. ಹಿಡಿಯದೆ ಬಿಟ್ಟದ್ದನ್ನು ತಿದ್ದಿ ತರುವುದು ಸಾಧ್ಯವಿಲ್ಲವೆಂಬುದು ನನಗೆ ಆಗ ಮನವರಿಕೆಯಾಯಿತು.

ದಾರಿ ತೋರಿಸಿದ್ದು ನಮ್ಮ ನಾಡಿನವರೇ ಆದ ವಿ. ಕೆ. ಮೂರ್ತಿಯವರ ಉದಾಹರಣೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಇವರು ಗುರುದತ್ತರ ಚಲನಚಿತ್ರಗಳಿಗೆ ಕೆಲಸ ಮಾಡಿದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಬರಿದಾದ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬಿಸಿಲುಕೋಲೊಂದು ಬೇಕಾಗಿತ್ತು. ದೀಪದ ಬೆಳಕು ದೂರ ಹೋದಂತೆ ಹರಡುತ್ತದೆ. ಸೂರ್ಯನ ಕಿರಣಗಳು ಬಹುಮಟ್ಟಿಗೆ ಸಮಾಂತರ. ಅದಕ್ಕಾಗಿ ಅವರು ದೊಡ್ಡ ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಬೆಳಕು ಒಂದು ಕಡೆಯಿಂದ ಬಂದರೂ ಅದನ್ನು ಬೇಕಾದ ಕಡೆಗೆ ತಿರುಗಿಸಬಹುದೆಂಬುದು ಇದರಿಂದ ನಾನು ಕಲಿತ ಪಾಠ.

ಕನ್ನಡಿ ನನ್ನಲ್ಲಿರಲಿಲ್ಲ, ಕಾಫಿ ಒಣಗಿಸುವ ಕಣವಿತ್ತು. ಗುಡಿಸಿದ ಸಿಮೆಂಟಿನ ನೆಲ ಬಿಸಿಲನ್ನು ಮೇಲಕ್ಕೆ ಚೆಲ್ಲುತ್ತದೆ. ತಾಯಿಯವರನ್ನು ಅದರ ಅಂಚಿನಲ್ಲಿ ಸೂರ್ಯನಿಗೆ ಬೆನ್ನಾಗಿ ನಿಲ್ಲಿಸಿ, ತಮ್ಮನ ಕೈಗೆ ಬಿಳಿಯ ಪಂಚೆಯೊಂದನ್ನು ಕೊಟ್ಟು, ಅವರ ಮುಂದೆ ಓರೆಯಾಗಿ ಹರವಿ ಹಿಡಿಸಿದೆ. ಕೂದಲಿಗೆ ಬೆಳ್ಳಿಯ ಅಂಚು ಹಾಗೇ ಉಳಿಯಿತು. ಕಣ್ಣೂ ಹಣೆಯ ಗೆರೆಗಳೂ ತೋರಿದವು. ಮೊದಲಿನ ಚಿತ್ರದಷ್ಟು ಇದು ಬೆರಗು ಹುಟ್ಟಿಸುವುದಿಲ್ಲವೆಂದು ಸ್ನೇಹಿತರ ಮತ. ಇರಬಹುದು. ಈ ಪ್ರತಿಯನ್ನು ಮಾತ್ರ ತಾಯಿಯವರು ದೇವರಪಟದ ಪಕ್ಕದಲ್ಲಿ ಇರಿಸಿದ್ದಾರೆ.

ಬೆಟ್ಟವನ್ನೂ ಮರವನ್ನೂ ಕರಿಯ ಆಕೃತಿಯಾಗಿ ತೆಗೆದರೆ ಅವುಗಳಿಗೆ ನಷ್ಟವಿಲ್ಲ. ದುಡಿಯುವ ಮನುಷ್ಯರ ಮಾತು ಬೇರೆ. ಮಲೆನಾಡಿನ ಸೊಬಗೆಂದು ಕ್ಯಾಲೆಂಡರುಗಳಲ್ಲಿ ಅಚ್ಚಾಗುವ ಕುಯ್ಲಿನ ಚಿತ್ರಗಳಲ್ಲಿ ಮುಖವಿಲ್ಲದವರೇ ಹೆಚ್ಚು. ಬರುವ ಕುಯ್ಲಿನಲ್ಲಿ ಕ್ಯಾಮೆರಾ ಹಿಡಿದು ತೋಟಕ್ಕೆ ಹೋಗುವ ಸಹಪಾಠಿಗಳು ಜೊತೆಯಲ್ಲಿ ಒಂದು ಬಿಳಿಯ ಪಂಚೆಯನ್ನೂ ಒಯ್ಯಲಿ ಎಂಬುದೇ ನನ್ನ ಬಿನ್ನಹ.