ಆದವಾನಿಯ ಹತ್ತಿ ಮತ್ತು ಸರಕಿನ ಮೂಲದೇಶ: ಕಸ್ಟಮ್ಸ್ ಕಾನೂನು ಹೇಳುವುದೇನು?

ವ್ಯಾಪಾರ ಒಪ್ಪಂದದ ರಿಯಾಯಿತಿ ಸುಂಕ ಒಂದು ಆಮದು ಸರಕಿಗೆ ಸಲ್ಲುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಅದು ಹೊರಟ ಬಂದರಲ್ಲ. ಅದು ಯಾವ ದೇಶದ ಉತ್ಪನ್ನವೆಂದು ಕಾನೂನು ಒಪ್ಪುತ್ತದೆಯೋ ಆ ಮೂಲದೇಶ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಇಂದು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗವಾಗಿರುವ ಆದವಾನಿ, ಆಲೂರು ಸೀಮೆಯ ಬದುಕು ಹತ್ತಿಪೇಟೆಯನ್ನು ನೆಚ್ಚಿಕೊಂಡಿರುವುದರಿಂದ, ಈ ನಿಯಮಗಳನ್ನು ಹತ್ತಿಯ ಮೂಲಕವೇ ವಿವರಿಸುವುದು ಉಚಿತ.

ಒಂದೇ ದೇಶದ ನೆಲದಲ್ಲಿ ಬೆಳೆದು ಕೊಯ್ದ ಬೆಳೆಯನ್ನು ಕಾನೂನು ಪೂರ್ಣವಾಗಿ ಆ ದೇಶದಲ್ಲೇ ಪಡೆದ ಸರಕೆಂದು ಗಣಿಸುತ್ತದೆ. ಆದವಾನಿ ಮಾರುಕಟ್ಟೆಗೆ ಬರುವ ಹತ್ತಿ ಕರ್ನೂಲಿನದಾಗಲಿ ರಾಯಚೂರಿನದಾಗಲಿ ಅದರ ಮೂಲ ಭಾರತವೇ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ದೇಶವೇ ಹೊರತು ರಾಜ್ಯವಲ್ಲ. ಹಲವು ದೇಶಗಳ ಸಾಮಗ್ರಿ ಸೇರಿದಾಗ ಮಾತ್ರ ತೊಡಕು ಏಳುತ್ತದೆ. ಆಗ ಸಾಮಾನ್ಯವಾಗಿ ಬಳಸುವ ಒರೆಗಲ್ಲು ಸುಂಕಪಟ್ಟಿಯ ನಾಲ್ಕಂಕಿಯ ಶೀರ್ಷಿಕೆಯ ಬದಲಾವಣೆ, ಅಂದರೆ ಹೊರಗಿನಿಂದ ತಂದ ಕಚ್ಚಾವಸ್ತುವಿನ ಶೀರ್ಷಿಕೆಗಿಂತ ಸಿದ್ಧಸರಕಿನ ಶೀರ್ಷಿಕೆ ಬೇರೆಯಾಗಿರಬೇಕೆಂಬುದು. ಹೊಲದಿಂದ ಬಿಡಿಸಿದ ಹತ್ತಿಯೂ ಜಿನ್ನಿಂಗ್ ಮಿಲ್ಲಿನಲ್ಲಿ ಬೀಜ ಬೇರ್ಪಡಿಸಿದ ಅರಳೆಯೂ 5201ರಲ್ಲೇ ಇರುವುದರಿಂದ, ವಿದೇಶಿ ಹತ್ತಿಯನ್ನು ಇಲ್ಲಿ ಜಿನ್ ಮಾಡಿ ಬೇಲ್ ಕಟ್ಟಿದರೂ ಈ ಒರೆಗಲ್ಲಿನಲ್ಲಿ ಅದು ಭಾರತೀಯವಾಗುವುದಿಲ್ಲ. ಆದರೆ 5205ರ ವಿದೇಶಿ ನೂಲು ಎಮ್ಮಿಗನೂರಿನ ಮಗ್ಗದಲ್ಲಿ 5208ರ ಬಟ್ಟೆಯಾದರೆ ಶೀರ್ಷಿಕೆ ಬದಲಾಗುತ್ತದೆ. ಜಿನ್ನಿಂಗ್ ಎಷ್ಟೇ ದೊಡ್ಡ ಉದ್ದಿಮೆಯಾದರೂ ಕಾನೂನಿನ ಕಣ್ಣಿಗೆ ಇಷ್ಟು ಕಿರಿದೆಂಬುದನ್ನು ವ್ಯಾಪಾರಿಗಳು ಮರೆಯಬಾರದು.

ಒಪ್ಪಂದದಿಂದ ಒಪ್ಪಂದಕ್ಕೆ ಕಟ್ಟಳೆ ಬೇರೆಯಾಗುತ್ತದೆ. ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದ ಸಾಮಾನ್ಯ ನಿಯಮವು ಶೀರ್ಷಿಕೆಯ ಬದಲಾವಣೆಯ ಜೊತೆಗೆ, ಹಡಗಿಗೇರಿಸುವವರೆಗಿನ ಬೆಲೆಯಲ್ಲಿ ಹೊರಗಿನ ಸಾಮಗ್ರಿಯ ಪಾಲು ಶೇ 60ನ್ನೂ, ಬಾಂಗ್ಲಾದೇಶದಂಥ ಅತ್ಯಲ್ಪ ಅಭಿವೃದ್ಧಿ ಹೊಂದಿದ ರಾಷ್ಟ್ರಗಳಿಗೆ ಶೇ 70ನ್ನೂ ಮೀರಬಾರದೆನ್ನುತ್ತದೆ. ಹೀಗಾಗಿ ಆದವಾನಿಯ ಅರಳೆ ಅಲ್ಲಿ ನೂಲಾಗಿ, ಬಟ್ಟೆಯಾಗಿ, ಅಂಗಿಯಾಗಿ ಹಿಂದಿರುಗಿದರೆ ಅದರ ಮೂಲದೇಶ ಬಾಂಗ್ಲಾದೇಶವೇ.

ರಿಯಾಯಿತಿ ಕೋರುವವನ ಮೇಲೆಯೇ ರುಜುವಾತಿನ ಹೊರೆ ಇದೆ. 1962ರ ಕಸ್ಟಮ್ಸ್ ಕಾಯ್ದೆಗೆ 2020ರಲ್ಲಿ ಸೇರಿಸಿದ 28ಡಿಎ ಕಲಮು ಹಾಗೂ ಅದೇ ವರ್ಷ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಮೂಲದ ದಾಖಲೆ ಕೈಯಲ್ಲಿದ್ದ ಮಾತ್ರಕ್ಕೆ ಆಮದುದಾರನ ಹೊಣೆ ತೀರುವುದಿಲ್ಲ. ಸರಕು ಹೇಗೆ ತಯಾರಾಯಿತೆಂಬ ಮಾಹಿತಿ ಅವನ ಬಳಿ ಇರಬೇಕು, ಅದನ್ನು ಕನಿಷ್ಠ ಐದು ವರ್ಷ ಕಾಪಾಡಬೇಕು, ಅಧಿಕಾರಿ ಕೇಳಿದರೆ 10 ಕೆಲಸದ ದಿನಗಳೊಳಗೆ ಒದಗಿಸಬೇಕು. ವಿದೇಶಿ ಪ್ರಾಧಿಕಾರದೊಡನೆ ಪರಿಶೀಲನೆ ನಡೆಯುತ್ತಿರುವಾಗ ರಿಯಾಯಿತಿ ತಾತ್ಕಾಲಿಕವಾಗಿ ನಿಂತರೂ, ಸುಂಕದ ವ್ಯತ್ಯಾಸಕ್ಕೆ ಸಮನಾದ ಭದ್ರತೆ ಕೊಟ್ಟು ಸರಕು ಬಿಡಿಸಿಕೊಳ್ಳಲು ಕೋರುವ ಅವಕಾಶ ಆಮದುದಾರನಿಗಿದೆ. ರಫ್ತುದಾರರು ಮೂಲ ಪ್ರಮಾಣಪತ್ರಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ವಿದ್ಯುನ್ಮಾನ ವೇದಿಕೆಯಲ್ಲಿ ಅರ್ಜಿ ಸಲ್ಲಿಸಬೇಕು. ಮಾರುಕಟ್ಟೆ ಯಾರ್ಡಿನ ಖರೀದಿ ಚೀಟಿ, ಮಿಲ್ಲಿನ ಬೇಲ್ ಲೆಕ್ಕಗಳೇ ಅವರಿಗೆ ಆಧಾರ.

ಸಾಮಾನ್ಯ ಗ್ರಾಹಕನಿಗೂ ಹಕ್ಕಿದೆ. ಆಮದಾದ ಪೊಟ್ಟಣದ ಮೇಲೆ ಮೂಲದೇಶ ಮುದ್ರಿಸಿರಬೇಕೆಂದು 2011ರ ಕಾನೂನುಬದ್ಧ ಮಾಪನ ನಿಯಮಗಳು ವಿಧಿಸುತ್ತವೆ. ತಪ್ಪಿದಲ್ಲಿ 1915 ಸಹಾಯವಾಣಿಗೆ ದೂರು ನೀಡಬಹುದು.

ಮೂಲದ ಬಗ್ಗೆ ಸಂದೇಹವಿರುವ ಆಮದುದಾರ ಸರಕು ತರಿಸುವ ಮೊದಲೇ ಕಸ್ಟಮ್ಸ್ ಮುಂಗಡ ನಿರ್ಣಯ ಪ್ರಾಧಿಕಾರದಿಂದ ತೀರ್ಮಾನ ಪಡೆಯಬಹುದು. ರಿಯಾಯಿತಿ ನಿರಾಕರಿಸಿದ ಆದೇಶ ಕೈಸೇರಿದ 60 ದಿನಗಳೊಳಗೆ ಆಯುಕ್ತರಿಗೆ (ಮೇಲ್ಮನವಿ) ಮನವಿ ಸಲ್ಲಿಸಬಹುದು; ಸಕಾರಣವಿದ್ದರೆ ಇನ್ನೂ 30 ದಿನಗಳವರೆಗೆ ವಿಳಂಬ ಮನ್ನಿಸುವ ಅಧಿಕಾರ ಅವರಿಗಿದೆ. ವಿವಾದಿತ ಸುಂಕದ ಶೇ 7.5ನ್ನು ಮೊದಲೇ ಕಟ್ಟದಿದ್ದರೆ ಮೇಲ್ಮನವಿ ವಿಚಾರಣೆಗೆ ಬರುವುದಿಲ್ಲ.